ಕೊಗ್ಗಿಗೆ ಗೊಬ್ಬರ ಬೇಡ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲನ್ನು ಕಣ್ಣಾರೆ ಕಂಡವರೂ ಅದನ್ನು ‘ಪಾಳು ಭೂಮಿ’ ಎನ್ನುವುದುಂಟು. ಮರವಿಲ್ಲದ ನೆಲವೆಲ್ಲ ಪಾಳು ಎಂಬ ಈ ಎಣಿಕೆಯಿಂದಲೇ, ತುಮಕೂರು ಸೀಮೆಯ ಬಯಲಿನಲ್ಲೂ ಹೊಲದ ಬದುಗಳಲ್ಲೂ ತಾನಾಗಿ ಬೆಳೆದು ವರ್ಷಗಟ್ಟಲೆ ಬಾಳುವ ನೇರಳೆ ಹೂವಿನ ಕೊಗ್ಗಿ ಗಿಡವನ್ನು ನಾವು ಕಳೆಯೆಂದು ಕಿತ್ತೆಸೆಯುತ್ತೇವೆ.

ಕೊಗ್ಗಿಯ ಕಿರುಎಲೆಯ ತುದಿ ಹಿಡಿದು ಎಳೆದರೆ ಅದು ಅಡ್ಡಕ್ಕೆ ಹರಿಯದೆ ಬಾಣದ ಗರಿಯಂತೆ ಮೊನಚಾಗಿ ಹರಿಯುತ್ತದೆ. ‘ಶರಪುಂಖ’ ಎಂಬ ಅದರ ಸಂಸ್ಕೃತ ಹೆಸರಿನ ಅರ್ಥವೂ ಬಾಣದ ಗರಿಯ ಭಾಗವೆಂದೇ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಬೇರೆ ಕುಲದಲ್ಲಿಟ್ಟಿದ್ದ ಈ ಗಿಡವನ್ನು 1807ರಲ್ಲಿ ಪರ್ಸೂನ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿ ಟೆಫ್ರೋಸಿಯಾ ಕುಲಕ್ಕೆ ಸೇರಿಸಿದ. ಆ ಕುಲನಾಮದ ಮೂಲವಾದ ಗ್ರೀಕ್ ಪದಕ್ಕೆ ಬೂದಿಬಣ್ಣವೆಂದು ಅರ್ಥ. ಎಲೆ ಹರಿದು ನೋಡಿದವರಿಟ್ಟ ಹೆಸರೇ ನನಗೆ ಹೆಚ್ಚು ಮೆಚ್ಚು.

ನಿಜವಾದ ಸೋಜಿಗವಿರುವುದು ಬೇರಿನಲ್ಲಿ. ಅಲ್ಲಿನ ಗಂಟುಗಳನ್ನು ಕಂಡು ರೋಗವೆಂದು ಹೆದರಬಾರದು: ಬೇರನ್ನು ಕಾಡುವ ಜಂತುಹುಳುವಿನ ಗಂಟಿನಲ್ಲಿ ಬೇರು ತಾನೇ ಊದಿಕೊಂಡಿರುತ್ತದೆ, ಇವಾದರೋ ಬೇರಿನ ಪಕ್ಕಕ್ಕೆ ಅಂಟಿದ್ದು ಉಗುರಿನಿಂದ ಬಿಡಿಸಿದರೆ ಬರುತ್ತವೆ. ಒಂದನ್ನು ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ನಂಟ, ಲೆಗ್‌ಹಿಮೋಗ್ಲೋಬಿನ್. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡದ ಆಹಾರವಾಗಿಸುತ್ತವೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಆದರೆ ಆಮ್ಲಜನಕವಿಲ್ಲದೆ ಆ ಬ್ಯಾಕ್ಟೀರಿಯಾಗಳಿಗೆ ಉಸಿರಿಲ್ಲ. ಈ ಇಕ್ಕಟ್ಟನ್ನು ಬಿಡಿಸುವುದೇ ಆ ಕೆಂಪು ವಸ್ತು. ಕೆರೆ ಒಡೆಯದಂತೆಯೂ ಗದ್ದೆ ಒಣಗದಂತೆಯೂ ತೂಬಿನಿಂದ ನೀರು ಬಿಡುವ ನೀರುಗಂಟಿಯಂತೆ, ಅಥವಾ ಮದುವೆ ಪಂಕ್ತಿಯಲ್ಲಿ ಮಿಳ್ಳೆ ಹಿಡಿದು ಎಲೆಯೆಲೆಗೂ ತುಪ್ಪವನ್ನು ತೊಟ್ಟಿಕ್ಕಿಸುವವನಂತೆ, ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟನ್ನೇ ತಲುಪಿಸುತ್ತದೆ.

ನೆಲದಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಕೊಗ್ಗಿಯ ಮಡಿಗೆ ಸಾರಜನಕದ ಗೊಬ್ಬರವಾದ ಯೂರಿಯಾ ಹಾಕುವುದು ಉಪಕಾರವಲ್ಲ. ಕೊಗ್ಗಿಯನ್ನು ಬೆಳೆಸುವುದಾದರೆ ಅದರ ಗಟ್ಟಿ ಸಿಪ್ಪೆಯ ಬೀಜವನ್ನು ಮರಳಿನೊಂದಿಗೆ ಉಜ್ಜಿ, ರಾತ್ರಿ ನೆನೆಸಿ, ಮುಂಗಾರು ಹದವಾದಾಗ ಬಿಸಿಲಿರುವ ಕಡೆ ನೇರವಾಗಿ ನೆಲಕ್ಕೇ ಹಾಕಬೇಕು. ಆಳಕ್ಕಿಳಿಯುವ ತಾಯಿಬೇರಿಗೆ ಕುಂಡ ಸಾಲದು. ಹೂ ಬಿಟ್ಟಾಗ ಜೇನ್ನೊಣ ಕೆಳದಳದ ಮೇಲೆ ಕೂತರೆ ಅದು ಬಾಗಿ, ಒಳಗಡಗಿದ್ದ ಕೇಸರಗಳು ನೊಣದ ಹೊಟ್ಟೆಗೆ ಪರಾಗ ಸವರುತ್ತವೆ; ಆ ದಿನಗಳಲ್ಲಿ ಕೀಟನಾಶಕದ ಡಬ್ಬಿಯನ್ನು ಮುಟ್ಟಲೇಬಾರದು. ಒಣಗಿದ ಕಾಯಿ ಸಿಡಿದು ಬೀಜ ಚದುರುವುದರಿಂದ ಮುಂದಿನ ಮಳೆಗೆ ಸಸಿಗಳು ಎಲ್ಲೆಂದರಲ್ಲಿ ಏಳುತ್ತವೆ. ಬೇಡದವನ್ನು ಎಳೆಯದರಲ್ಲೇ ಕೀಳಬೇಕು, ಬೇರಿಳಿದ ಮೇಲೆ ಗುದ್ದಲಿಗೂ ಅದು ಸುಲಭಕ್ಕೆ ಬಗ್ಗದು.