ಕಪಾಟಿನಲ್ಲಿ ಜೋಪಾನವಾಗಿಟ್ಟ ಕ್ಯಾಮೆರಾ

ಮಳೆ ಹಿಡಿದು ಒಂದೂವರೆ ತಿಂಗಳಾಗುವಾಗ ಉಡುಪಿಯ ನನ್ನ ರಿಪೇರಿ ಅಂಗಡಿಗೆ ಒಂದೇ ಥರದ ಗಂಟುಗಳು ಬರತೊಡಗುತ್ತವೆ. ಹೊರಗೆ ಪ್ಲಾಸ್ಟಿಕ್ ತೊಟ್ಟೆ, ಒಳಗೆ ಟವೆಲ್, ಅದರೊಳಗೆ ಚರ್ಮದ ಪೌಚ್, ಕೊನೆಗೆ ಕ್ಯಾಮೆರಾ. ಲೆನ್ಸಿಗೆ ಟಾರ್ಚ್ ಬಿಟ್ಟರೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಬೂಷ್ಟು.

ಹೋದ ಆಟಿ ತಿಂಗಳಲ್ಲಿ ಬ್ರಹ್ಮಾವರ ಕಡೆಯ ನಿವೃತ್ತ ಟೀಚರ್ ಒಬ್ಬರು ಕ್ಯಾನನ್ ಪವರ್‌ಶಾಟ್ ಜಿ11 ತಂದರು. ಮಗ ದುಬೈಯಿಂದ ತಂದುಕೊಟ್ಟದ್ದು. "ಚಿನ್ನದ ಹಾಗೆ ಇಟ್ಟಿದ್ದೇನೆ ಮಾರಾಯ್ರೆ, ಒಂದು ವರ್ಷ ಮುಟ್ಟಲೇ ಇಲ್ಲ" ಅಂದರು. ಮುಟ್ಟದೆ ಇದ್ದದ್ದೇ ತೊಂದರೆ ಟೀಚರ್, ಅಂತ ಹೇಳಬೇಕಾಯಿತು.

ಆ ಕ್ಯಾಮೆರಾ ನನಗೂ ತುಂಬಾ ಇಷ್ಟ. 2008ರ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಇತ್ತು. ಮರುವರ್ಷ ಜಿ11 ಮಾಡುವಾಗ ಕಂಪನಿಯೇ ಅದನ್ನು 10ಕ್ಕೆ ಇಳಿಸಿತು. ಬೆಳಕು ಹಿಡಿಯುವ ಉಗುರಿನಷ್ಟು ಸೆನ್ಸರಿನಲ್ಲಿ ಪಿಕ್ಸೆಲ್ ಜಾಸ್ತಿ ತುಂಬಿದಷ್ಟೂ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆ. ಐಎಸ್‌ಒಗೆ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆಗೆ) ತಲೆಯ ಮೇಲೆಯೇ ಡಯಲ್, ಕಣ್ಣಿಟ್ಟು ನೋಡಲು ಸಣ್ಣ ಕಿಂಡಿ, ತಿರುಗಿಸಿ ಮಡಚುವ ಪರದೆ. ಮೆನುವಿನೊಳಗೆ ತಡಕಾಡುವ ಕೆಲಸ ಕಡಿಮೆ. ಈಗ ಕಾಲೇಜು ಮಕ್ಕಳು ಸಿಸಿಡಿ ಅನ್ನುವ ಹಳೆಯ ಜಾತಿಯ ಸೆನ್ಸರಿನ ಬಣ್ಣ ಬೇಕು ಅಂತ ಇಂಥದ್ದನ್ನೇ ಹುಡುಕುತ್ತಾರೆ. ಬಣ್ಣ ಸೆನ್ಸರ್ ಒಂದರಿಂದಲೇ ಬರುವುದಲ್ಲ. ಆದರೂ ಆ ಚಿತ್ರಗಳು ಅವರಿಗೆ ಹಿಡಿಸಿವೆ, ಸಂತೋಷ.

ಆದರೆ ದಯವಿಟ್ಟು ಇದೊಂದು ಕೇಳಿ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಗಾಳಿಯ ತೇವಾಂಶ ಶೇಕಡ 90ರ ಆಸುಪಾಸು. ಆ ಗಾಳಿಯನ್ನೇ ಸೇರಿಸಿ ತೊಟ್ಟೆಯ ಬಾಯಿ ಕಟ್ಟಿದರೆ ಒಳಗೆ ಬಂಧಿಯಾಗುವುದು ತೇವ. ನೀರು ಒಳಗೆ ಬರಬಾರದು ಅಂತ ಕಟ್ಟುತ್ತೀರಿ, ಅದು ಮೊದಲೇ ಒಳಗಿದೆ, ಅಲ್ವಾ? ಚರ್ಮದ ಪೌಚ್ ಇನ್ನಷ್ಟು ತೇವ ಕುಡಿಯುತ್ತದೆ. ಮೇಲಿಂದ ಕಪಾಟಿನ ಕತ್ತಲು, ಅಲುಗಾಡದ ಗಾಳಿ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಅದು ಬಿಡುವ ಆಮ್ಲ ನಿಧಾನಕ್ಕೆ ಲೆನ್ಸಿನ ಲೇಪನವನ್ನು ತಿನ್ನುತ್ತದೆ. ಹಾಗೆ ತಿಂದದ್ದನ್ನು ಒರೆಸಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುವವರೂ ಇದ್ದಾರೆ. ಅವರ ಕ್ಯಾಮೆರಾದಿಂದ ನಾನು ಅಕ್ಕಿಯ ಪುಡಿಯನ್ನೂ ತೆಗೆಯಬೇಕಾಗುತ್ತದೆ.

ಗಾಳಿಯಾಡದ ಮುಚ್ಚಳದ ಡಬ್ಬ ತನ್ನಿ. ಒಳಗೆ ತೇವ ಕುಡಿಯುವ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಜಾತಿಯದ್ದೇ ಇರಲಿ. ನೀಲಿ ಹರಳು ಗುಲಾಬಿಯಾದರೆ ಅದು ತೇವ ಕುಡಿದು ಮುಗಿಸಿದೆ ಅಂತ ಅರ್ಥ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ. ಬ್ಯಾಟರಿ ತೆಗೆದು ಬೇರೆ ಇಡಿ. ವಾರಕ್ಕೊಮ್ಮೆಯಾದರೂ ಕ್ಯಾಮೆರಾ ಹೊರಗೆ ತೆಗೆದು ನಾಲ್ಕು ಚಿತ್ರ ತೆಗೆಯಿರಿ. ಅಂಗಳದ ದಾಸವಾಳ ಸಾಕು. ಇಷ್ಟು ಮಾಡಿದರೂ ಬೂಷ್ಟು ಬರುವುದೇ ಇಲ್ಲ ಅಂತ ನಾನು ಬರೆದುಕೊಡಲಾರೆ. ಆದರೆ ಹೀಗೆ ಇಟ್ಟವರು ನನ್ನ ಹತ್ತಿರ ಬರುವುದು ತೀರಾ ಕಡಿಮೆ.

ಟೀಚರ್ ಅವರ ಜಿ11ಕ್ಕೆ ಬರೋಣ. ಕಾಂಪ್ಯಾಕ್ಟ್ ಕ್ಯಾಮೆರಾದ ಲೆನ್ಸನ್ನು ಸುಮ್ನೆ ತಿರುಗಿಸಿ ತೆಗೆಯಲು ಆಗುವುದಿಲ್ಲ, ಇಡೀ ಕ್ಯಾಮೆರಾ ಬಿಚ್ಚಬೇಕು. ಹೊಸ ಬಿಡಿಭಾಗ ಸಿಗುವುದು ಕಷ್ಟ. ಮುಂದಿನ ಗಾಜು ಸ್ವಚ್ಛ ಮಾಡಿದೆ. ಒಳಗಿನದ್ದು ಸ್ವಲ್ಪವೇ ಇತ್ತು. ಅದನ್ನು ಮುಟ್ಟಿದರೆ ಲೆನ್ಸಿನ ಜೋಡಣೆ ತಪ್ಪಬಹುದು ಅಂತ ಹೇಳಿದೆ. "ಇರಲಿ ಬಿಡಿ" ಅಂದರು.

ಅಷ್ಟಮಿ ಕಳೆದು ನಾಲ್ಕು ದಿನಕ್ಕೆ ರಥಬೀದಿಯ ಹುಲಿವೇಷದ ಚಿತ್ರಗಳನ್ನು ತಂದು ತೋರಿಸಿದರು. ಹುಲಿಯ ಹಳದಿ ಚೆನ್ನಾಗಿಯೇ ಬಂದಿತ್ತು. ಸೂರ್ಯನಿಗೆ ಎದುರಾಗಿ ತೆಗೆದ ಒಂದರಲ್ಲಿ ಮಾತ್ರ ತೆಳುವಾಗಿ ಮಂಜು ಕವಿದಿತ್ತು.