ಶೂ ಲೇಸು ಕಟ್ಟುವ ಆ ಒಂದು ನಿಮಿಷ

ಯಾರಾದರೂ ವ್ಯಾಯಾಮ ಶುರು ಮಾಡಿದರೆ ಸಾಕು, ಪಕ್ಕದವರು ಲೆಕ್ಕ ಹೇಳಿಬಿಡುತ್ತಾರೆ: ‘21 ದಿನ ಬಿಡದೆ ಮಾಡು, ಆಮೇಲೆ ತಾನಾಗೇ ಅಭ್ಯಾಸ ಆಗುತ್ತೆ.’ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 22ನೇ ಬೆಳಗ್ಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದಿದ್ದರೆ ಆ ಮನುಷ್ಯ ‘ನನ್ನಲ್ಲೇ ಏನೋ ಕೊರತೆ’ ಅಂದುಕೊಂಡು ಕೈಚೆಲ್ಲುತ್ತಾನೆ. ಕೊರತೆ ಇರುವುದು ಆ ಲೆಕ್ಕದಲ್ಲಿ.

ಈ 21 ಬಂದದ್ದೆಲ್ಲಿಂದ? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು ಅವರು 1960ರ ತಮ್ಮ ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ದಾಟುವಾಗ ‘ಕಡಿಮೆಯೆಂದರೂ’ ಅನ್ನುವುದು ಉದುರಿಹೋಯಿತು. ಅಲ್ಲ, ಹೊಸ ಮೂಗಿಗೆ ಒಗ್ಗುವುದಕ್ಕೂ ದಿನಾ ಎದ್ದು ಓಡುವುದಕ್ಕೂ ಎಲ್ಲಿಯ ಸಂಬಂಧ?

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನ ತಮಗೆ ಬೇಕಾದ ಒಂದೊಂದು ಹೊಸ ಕೆಲಸ ಆರಿಸಿಕೊಂಡು 84 ದಿನ ದಾಖಲೆ ಇಟ್ಟರು. ಅದು ಯೋಚಿಸದೆಯೇ ನಡೆಯುವ ಮಟ್ಟ ಮುಟ್ಟಲು ಒಬ್ಬರಿಗೆ 18 ದಿನ ಸಾಕಾಗಿತ್ತು. ದಾಖಲೆಯ ಜಾಡು ಹಿಡಿದು ಮುಂದಕ್ಕೆ ಲೆಕ್ಕ ಹಾಕಿದಾಗ ಇನ್ನೊಬ್ಬರಿಗೆ 254 ದಿನ ಬೇಕಾಗುತ್ತದೆ ಅಂತ ಬಂತು. ಎಲ್ಲರ ದಿನಗಳನ್ನು ಏರಿಕೆಯಲ್ಲಿ ಸಾಲಾಗಿಟ್ಟರೆ ನಟ್ಟನಡುವೆ ಬರುವ ಅಂಕಿ 66. ನೀರು ಕುಡಿಯುವಂಥ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಇಲಿಗಳ ಕತೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಆನ್ ಗ್ರೇಬಿಯಲ್ ಅವರ ತಂಡ ಇಲಿಗಳನ್ನು ‘ಟಿ’ ಆಕಾರದ ಓಣಿಯಲ್ಲಿ ಓಡಿಸಿತು. ತುದಿಯಲ್ಲಿ ತಿನಿಸು. ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳು ಮೊದಮೊದಲು ಓಟದುದ್ದಕ್ಕೂ ಮಿಡಿಯುತ್ತಿದ್ದವು. ದಾರಿ ರೂಢಿಯಾದ ಮೇಲೆ ಮಿಡಿತ ಜೋರಾಗಿದ್ದದ್ದು ಶುರುವಿನಲ್ಲಿ ಮತ್ತು ಕೊನೆಯಲ್ಲಿ. ನಡುವೆ ಬಹುಮಟ್ಟಿಗೆ ಮೌನ.

ಮಗ್ಗಿ ನೆನಪಿಸಿಕೊಳ್ಳಿ. ‘ಏಳೊಂದ್ಲ ಏಳು’ ಅಂದರೆ ಸಾಕು, ಉಳಿದದ್ದು ನಾಲಿಗೆ ಮೇಲೆ ತಾನೇ ಹರಿದುಬರುತ್ತದೆ. ಅಥವಾ ಮಣಿಸರ ನೋಡಿ. ಬಿಡಿ ಮಣಿಗಳನ್ನು ಒಂದೊಂದಾಗಿ ಹೆಕ್ಕಬೇಕು. ಪೋಣಿಸಿದ ಮೇಲೆ ಒಂದು ತುದಿ ಎತ್ತಿದರೆ ಇಡೀ ಸರ ಕೈಗೆ ಬರುತ್ತದೆ. ಮೆದುಳು ಮಾಡುವುದೂ ಇದನ್ನೇ. ಹತ್ತಾರು ಸಣ್ಣ ಕೆಲಸಗಳನ್ನು ಒಂದೇ ಗಂಟಾಗಿ ಕಟ್ಟಿ, ಗಂಟಿನ ತುದಿಯನ್ನು ಮಾತ್ರ ಕೈಗೆಟುಕುವಂತೆ ಇಡುತ್ತದೆ.

ಹಾಗಾದರೆ ವ್ಯಾಯಾಮದಲ್ಲಿ ಆ ತುದಿ ಯಾವುದು? ಓಟವಂತೂ ಅಲ್ಲ. ಎಷ್ಟು ವರ್ಷ ಓಡಿದರೂ ಏರು ಬಂದಾಗ ಏದುಸಿರು ಬಂದೇ ಬರುತ್ತದೆ, ಕಾಲು ನೋಯುತ್ತದೆ, ಮನಸ್ಸು ‘ಇವತ್ತಿಗೆ ಸಾಕು’ ಅನ್ನುತ್ತದೆ. ಯೋಚಿಸದೆ ನಡೆಯಬೇಕಾದದ್ದು ಹೊರಡುವ ಕೆಲಸ. ಹಲ್ಲುಜ್ಜಿ ಬ್ರಷ್ ಇಟ್ಟ ಕೂಡಲೇ ಕಾಲು ಬಾಗಿಲ ಕಡೆ ಹೋಗಬೇಕು. ಅಲ್ಲಿ ಶೂ ಇರಬೇಕು, ಲೇಸು ಸಡಿಲಿಸಿ, ಒಳಗೆ ಕಾಲುಚೀಲ ತುರುಕಿಟ್ಟು. ದಿನಾ ಅದೇ ಜಾಗ, ಅದೇ ಕ್ರಮ, ಅದೇ ಎಡಗಾಲು ಮೊದಲು. ‘ಬಿಡುವಾದಾಗ ಮಾಡ್ತೀನಿ’ ಅಂದರೆ ಮೆದುಳಿಗೆ ಹಿಡಿಯಲು ತುದಿಯೇ ಸಿಗುವುದಿಲ್ಲ. ಮೊದಲ ವಾರಗಳಲ್ಲಿ ಐದೇ ನಿಮಿಷ ನಡೆದು ವಾಪಸ್ ಬಂದರೂ ಚಿಂತೆಯಿಲ್ಲ. ಗಂಟು ಬಿಗಿಯುವುದು ಬಾಗಿಲ ಹತ್ತಿರ.

ಇಲಿಗಳ ಕತೆಯಲ್ಲಿ ಇನ್ನೊಂದಿಷ್ಟು ಉಳಿದಿದೆ. ತಿನಿಸು ಕೊಡುವುದನ್ನು ನಿಲ್ಲಿಸಿದಾಗ ಮಿಡಿತದ ಆ ವಿನ್ಯಾಸ ಮಸುಕಾಯಿತು. ಮತ್ತೆ ಕೊಡಲು ಶುರು ಮಾಡಿದಾಗ ಹಳೆಯ ವಿನ್ಯಾಸ ಬೇಗನೆ ಮರಳಿತು. ಅಳಿಸಿಹೋದಂತೆ ಕಂಡದ್ದು ಒಳಗೇ ಇತ್ತು. ಕಾಯಿಲೆಯೋ ಕೆಲಸದ ಒತ್ತಡವೋ ಬಂದು ತಿಂಗಳುಗಟ್ಟಲೆ ವ್ಯಾಯಾಮ ಬಿಟ್ಟವರು ಹೊಸ ಸಮಯ, ಹೊಸ ಯೋಜನೆ ಹುಡುಕುವ ಮೊದಲು ಶೂವನ್ನು ಹಿಂದೆ ಇಡುತ್ತಿದ್ದ ಜಾಗದಲ್ಲೇ ಇಟ್ಟು ನೋಡಲಿ.