1965ರ ನಂತರ ಒಂದು ಕುರ್ಚಿಯೂ ಸೇರಲಿಲ್ಲ

ವಿಶ್ವಸಂಸ್ಥೆಯ ಸನ್ನದಿನ 23ನೇ ವಿಧಿಯನ್ನು ಇಂದು ತೆರೆದು ಓದಿದರೂ ಭದ್ರತಾ ಮಂಡಳಿಯ ಕಾಯಂ ಸದಸ್ಯರ ಸಾಲಿನಲ್ಲಿ ಸೋವಿಯತ್ ಒಕ್ಕೂಟದ ಹೆಸರು ಸಿಗುತ್ತದೆ. ಆ ದೇಶ 1991ರಲ್ಲೇ ಇಲ್ಲವಾಯಿತು. ಅದೇ ಸಾಲಿನಲ್ಲಿ ‘ಚೀನಾ ಗಣರಾಜ್ಯ’ವೂ ಇದೆ. ಆ ಹೆಸರಿನ ಸರ್ಕಾರ ಇರುವುದು ತೈವಾನಿನಲ್ಲಿ. ಅದರ ಪ್ರತಿನಿಧಿಗಳನ್ನು ಹೊರಗೆ ಕಳಿಸಿ ಬೀಜಿಂಗ್‌ಗೆ ಆ ಸ್ಥಾನ ಕೊಟ್ಟಿದ್ದು 1971ರಲ್ಲಿ. ಇನ್ನು 53 ಮತ್ತು 107ನೇ ವಿಧಿಗಳು ಎರಡನೇ ಮಹಾಯುದ್ಧದ ‘ಶತ್ರು ದೇಶ’ಗಳ ಬಗ್ಗೆ ಇಂದಿಗೂ ಮಾತನಾಡುತ್ತವೆ. ವಿಶ್ವಸಂಸ್ಥೆಯ ಖರ್ಚಿಗೆ ದೊಡ್ಡ ಪಾಲು ಕೊಡುತ್ತಿರುವ ಜಪಾನ್ ಮತ್ತು ಜರ್ಮನಿ ಈ ಪಟ್ಟಿಗೆ ಸೇರುತ್ತವೆ. ಆ ಪದಗಳನ್ನು ತೆಗೆದುಹಾಕೋಣ ಎಂದು 2005ರ ವಿಶ್ವ ಶೃಂಗಸಭೆಯಲ್ಲಿ ನಾಯಕರೆಲ್ಲ ಒಪ್ಪಿದ್ದರು. ಇನ್ನೂ ತೆಗೆದಿಲ್ಲ.

ಯಾರಿಗೂ ಬೇಡವಾದ ಪದಗಳನ್ನು ಅಳಿಸುವುದೇ ಇಷ್ಟು ಕಷ್ಟವಾದರೆ, ಅಧಿಕಾರವನ್ನು ಮರುಹಂಚಿಕೆ ಮಾಡುವುದು ಎಷ್ಟು ಕಷ್ಟವಿದ್ದೀತು? ಉತ್ತರಕ್ಕಾಗಿ 1945ಕ್ಕೆ ಹೋಗಬೇಕು.

ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘಕ್ಕೆ ಅಮೆರಿಕ ಸೇರಲೇ ಇಲ್ಲ. ಮಂಚೂರಿಯಾದ ವಿಚಾರದಲ್ಲಿ ಟೀಕೆ ಬಂದಾಗ ಜಪಾನ್ 1933ರಲ್ಲಿ ಎದ್ದು ಹೊರನಡೆಯಿತು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದಾಗ ಸಂಘ ಹೇರಿದ ನಿರ್ಬಂಧಗಳು ಯುದ್ಧವನ್ನು ತಡೆಯಲಿಲ್ಲ. ದೊಡ್ಡ ದೇಶಗಳು ಹೊರಗುಳಿದರೆ ಏನಾಗುತ್ತದೆಂಬ ಈ ಪಾಠವೇ ವಿಶ್ವಸಂಸ್ಥೆಯ ಸನ್ನದನ್ನು ರೂಪಿಸಿದ 1945ರ ಸ್ಯಾನ್‌ಫ್ರಾನ್ಸಿಸ್ಕೊ ಸಮ್ಮೇಳನದ ಮೇಜಿನ ಮೇಲಿತ್ತು. ಅವರನ್ನು ಒಳಗೇ ಕಟ್ಟಿಹಾಕಲು ಕೊಟ್ಟ ಬೆಲೆ ವಿಟೊ, ಅಂದರೆ ಐದು ಕಾಯಂ ಸದಸ್ಯರಲ್ಲಿ ಒಬ್ಬರೇ ಬೇಡವೆಂದರೂ ಮಂಡಳಿಯ ನಿರ್ಣಯ ಬಿದ್ದುಹೋಗುವ ಅಧಿಕಾರ. ಆಸ್ಟ್ರೇಲಿಯಾದ ಹರ್ಬರ್ಟ್ ಇವಾಟ್ ಮುಂದಾಳತ್ವದಲ್ಲಿ ಸಣ್ಣ ದೇಶಗಳು ಇದನ್ನು ಜೋರಾಗಿಯೇ ವಿರೋಧಿಸಿದವು. ಅಮೆರಿಕದ ಸೆನೆಟರ್ ಟಾಮ್ ಕೊನಲಿ ಸನ್ನದಿನ ಕರಡನ್ನು ಅವರೆದುರೇ ಹರಿದುಹಾಕಿ, ವಿಟೊ ಬೇಡವೆಂದರೆ ಸನ್ನದೂ ಇಲ್ಲ ಎಂಬುದನ್ನು ಮನದಟ್ಟು ಮಾಡಿಕೊಟ್ಟರು. ಬೆದರಿಕೆಯಾದರೂ ಅದರಲ್ಲಿ ಸುಳ್ಳಿರಲಿಲ್ಲ. ವಿಟೊ ಇಲ್ಲದ ಸಂಸ್ಥೆಗೆ ಸ್ಟಾಲಿನ್ ಆಗಲಿ, ಅಮೆರಿಕದ ಸೆನೆಟ್ ಆಗಲಿ ಸಹಿ ಹಾಕುತ್ತಿರಲಿಲ್ಲ.

ನನ್ನ ದೃಷ್ಟಿಯಲ್ಲಿ ವಿಟೊಗಿಂತ ದೊಡ್ಡ ತೊಡಕು 108ನೇ ವಿಧಿ. ಸನ್ನದನ್ನು ತಿದ್ದಲು ಸಾಮಾನ್ಯ ಸಭೆಯ ಮೂರನೇ ಎರಡರಷ್ಟು ಸದಸ್ಯರ ಮತ ಬೇಕು. ಬಳಿಕ ಅಷ್ಟೇ ದೇಶಗಳು ತಂತಮ್ಮ ಸಂವಿಧಾನದ ಪ್ರಕಾರ ಅದನ್ನು ಅನುಮೋದಿಸಬೇಕು, ಅವುಗಳಲ್ಲಿ ಐದೂ ಕಾಯಂ ಸದಸ್ಯ ದೇಶಗಳು ಇರಲೇಬೇಕು. ಆರೋಪಿಯ ಒಪ್ಪಿಗೆ ಇಲ್ಲದೆ ತೀರ್ಪು ಹೊರಬೀಳದ ನ್ಯಾಯಾಲಯವಿದು. ಅಸಮಾಧಾನಗೊಂಡವರನ್ನು ಸಮಾಧಾನಪಡಿಸಲು 109ನೇ ವಿಧಿಯಲ್ಲಿ ಹತ್ತು ವರ್ಷಗಳ ನಂತರದ ಪರಿಶೀಲನಾ ಸಮ್ಮೇಳನಕ್ಕೆ ದಾರಿ ಇಟ್ಟರು. 1955ರಲ್ಲಿ ಅದನ್ನು ‘ಸೂಕ್ತ ಸಮಯ’ಕ್ಕೆ ಮುಂದೂಡಲಾಯಿತು. ಆ ಸಮಯ ಇಂದಿನವರೆಗೂ ಬಂದಿಲ್ಲ.

ಹಾಗಿದ್ದರೂ ಭದ್ರತಾ ಮಂಡಳಿಯ ಬಾಗಿಲು ಒಮ್ಮೆ ತೆರೆದಿತ್ತು. ಅದು ಹೇಗೆ ತೆರೆಯಿತು ಎಂಬುದನ್ನು ಇಂದಿನ ಸುಧಾರಣಾವಾದಿಗಳು ಸಾಕಷ್ಟು ಓದುತ್ತಿಲ್ಲ ಎಂಬುದು ನನ್ನ ಅನುಮಾನ. 1945ರಲ್ಲಿ 51 ಸದಸ್ಯರಿದ್ದ ವಿಶ್ವಸಂಸ್ಥೆಯಲ್ಲಿ 1963ರ ಕೊನೆಗೆ 113 ದೇಶಗಳಿದ್ದವು. ವಸಾಹತುಗಳು ಒಂದರ ಹಿಂದೆ ಒಂದು ಸ್ವತಂತ್ರವಾಗಿದ್ದವು, 1960ರಲ್ಲೇ 17 ದೇಶಗಳು ಬಂದು ಸೇರಿದ್ದವು. ಮಂಡಳಿಯಲ್ಲಿ ಮಾತ್ರ ಅದೇ 11 ಸ್ಥಾನ. 1963ರ ಡಿಸೆಂಬರ್ 17ರಂದು ಸ್ಥಾನಗಳನ್ನು 15ಕ್ಕೆ ಏರಿಸುವ ನಿರ್ಣಯಕ್ಕೆ 97 ಮತ ಬಿದ್ದವು, ವಿರೋಧ 11. ಕಾಯಂ ಸದಸ್ಯರಲ್ಲಿ ಪರವಾಗಿ ನಿಂತಿದ್ದು ಆಗ ಚೀನಾದ ಸ್ಥಾನದಲ್ಲಿದ್ದ ತೈಪೆ ಸರ್ಕಾರ ಮಾತ್ರ. ಸೋವಿಯತ್ ಒಕ್ಕೂಟ, ಫ್ರಾನ್ಸ್ ವಿರೋಧಿಸಿದವು. ಅಮೆರಿಕ, ಬ್ರಿಟನ್ ತಟಸ್ಥವಾಗಿದ್ದವು. ಆದರೆ 1965ರ ಆಗಸ್ಟ್ ಮುಗಿಯುವುದರೊಳಗೆ ಐದೂ ಅನುಮೋದಿಸಿ, ತಿದ್ದುಪಡಿ ಜಾರಿಗೆ ಬಂತು. ಶೀತಲ ಸಮರದ ಆ ದಿನಗಳಲ್ಲಿ ಹೊಸ ದೇಶಗಳ ಸ್ನೇಹ ಎರಡೂ ಬಣಗಳಿಗೆ ಬೇಕಿತ್ತು. ದಾರಿಗೆ ಅಡ್ಡ ನಿಂತವರೆಂಬ ಕೆಟ್ಟ ಹೆಸರು ಯಾರಿಗೂ ಬೇಕಿರಲಿಲ್ಲ.

ಆ ನಿರ್ಣಯದಲ್ಲಿ ಒಂದು ದೇಶದ ಹೆಸರೂ ಇರಲಿಲ್ಲ ಎಂಬುದು ಇನ್ನೂ ಮುಖ್ಯ. ಆಫ್ರಿಕಾ ಮತ್ತು ಏಷ್ಯಾಕ್ಕೆ ಐದು, ಲ್ಯಾಟಿನ್ ಅಮೆರಿಕಕ್ಕೆ ಎರಡು ಎಂಬಂತೆ ಚುನಾಯಿತ ಸ್ಥಾನಗಳನ್ನು ಪ್ರದೇಶವಾರು ಹಂಚಲಾಯಿತು. ತಮಗಾಗಿ ಕೇಳಿದವರಿಲ್ಲದ್ದರಿಂದ ಹೊಟ್ಟೆಕಿಚ್ಚಿಗೂ ಅವಕಾಶವಿರಲಿಲ್ಲ.

ಆ ತಿದ್ದುಪಡಿಯನ್ನು ಬಿಟ್ಟರೆ ಮಂಡಳಿಯ ವಿಚಾರದಲ್ಲಿ ನಡೆದ ದೊಡ್ಡ ಬದಲಾವಣೆಗಳೆಲ್ಲ ಸನ್ನದನ್ನು ಮುಟ್ಟದೆ, ಪಕ್ಕದ ಬಾಗಿಲಿನಿಂದಲೇ ಆಗಿವೆ. ರಷ್ಯಾ ಸೋವಿಯತ್ ಸ್ಥಾನಕ್ಕೆ ಬಂದಿದ್ದು ಯೆಲ್ಟ್ಸಿನ್ ಬರೆದ ಒಂದು ಪತ್ರದ ಬಲದಿಂದ. ನೀಲಿ ಹೆಲ್ಮೆಟ್ಟಿನ ಶಾಂತಿಪಾಲನಾ ಪಡೆಗಳ ಉಲ್ಲೇಖ ಸನ್ನದಿನಲ್ಲಿ ಎಲ್ಲೂ ಇಲ್ಲ. 1956ರ ಸುಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ವಿಟೊ ಹಾಕಿದಾಗ ವಿಷಯ ಸಾಮಾನ್ಯ ಸಭೆಗೆ ಹೋಯಿತು, ಅಲ್ಲಿಂದಲೇ ತುರ್ತು ಪಡೆ ಹೊರಟಿತು. ಉಕ್ರೇನ್ ಮೇಲಿನ ದಾಳಿಯ ಬಳಿಕ, 2022ರ ಏಪ್ರಿಲ್‌ನಲ್ಲಿ, ಪುಟ್ಟ ಲಿಕ್ಟೆನ್‌ಸ್ಟೈನ್ ಮುಂದಿಟ್ಟ ನಿರ್ಣಯವೂ ಇದೇ ಜಾಡಿನದು: ಯಾರೇ ವಿಟೊ ಚಲಾಯಿಸಿದರೂ ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಅದರ ಮೇಲೆ ಚರ್ಚೆ ನಡೆಸಬೇಕು. ವಿಟೊ ಇದರಿಂದ ನಿಲ್ಲಲಿಲ್ಲ. ಗಾಜಾ ವಿಚಾರದಲ್ಲಿ ಅಮೆರಿಕ ಮತ್ತೆ ಮತ್ತೆ ಬಳಸಿತು.

ಹಣದ ಸಂಸ್ಥೆಗಳಲ್ಲೂ ಬೀಗ ಇದೇ ಮಾದರಿಯದು. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಪ್ರಮುಖ ನಿರ್ಧಾರಗಳಿಗೆ ಶೇ 85ರಷ್ಟು ಮತ ಬೇಕು, ಅಮೆರಿಕವೊಂದರ ಬಳಿಯೇ ಶೇ 16ಕ್ಕಿಂತ ಹೆಚ್ಚಿದೆ. 2010ರಲ್ಲಿ ಒಪ್ಪಿದ ಕೋಟಾ (ದೇಶಗಳ ಮತಬಲವನ್ನು ನಿರ್ಧರಿಸುವ ಪಾಲು) ಸುಧಾರಣೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಸಿಕ್ಕಿಬಿದ್ದು ಜಾರಿಗೆ ಬಂದಿದ್ದು 2016ರಲ್ಲಿ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವಿಟೊ ಎಂಬುದೇ ಇಲ್ಲ, ಎಲ್ಲವೂ ಸರ್ವಾನುಮತ. ಅಲ್ಲೂ ಅಮೆರಿಕ ನೇಮಕಾತಿಗಳನ್ನು ತಡೆದದ್ದರಿಂದ ವ್ಯಾಪಾರ ವ್ಯಾಜ್ಯಗಳ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಲ್ಲಿ ಸ್ತಬ್ಧವಾಯಿತು.

ಮತ್ತೆ ಭದ್ರತಾ ಮಂಡಳಿಗೆ ಬರೋಣ. 1993ರಲ್ಲಿ ಸುಧಾರಣೆಗಾಗಿ ಕಾರ್ಯತಂಡ ರಚನೆಯಾಯಿತು. 1997ರಲ್ಲಿ ಸಾಮಾನ್ಯ ಸಭೆಯ ಅಧ್ಯಕ್ಷರಾಗಿದ್ದ ಮಲೇಷ್ಯಾದ ರಜಾಲಿ ಇಸ್ಮಾಯಿಲ್ 24 ಸ್ಥಾನಗಳ ಸೂತ್ರ ಮುಂದಿಟ್ಟು ಕೈಸುಟ್ಟುಕೊಂಡರು. ಗುರಿಯ ಅತಿ ಸಮೀಪಕ್ಕೆ ಹೋಗಿದ್ದು 2005. ಭಾರತ, ಬ್ರೆಜಿಲ್, ಜರ್ಮನಿ, ಜಪಾನ್ ಸೇರಿದ ಜಿ4 ಗುಂಪು 25 ಸ್ಥಾನಗಳ ಕರಡು ತಂದು, ಹೊಸ ಕಾಯಂ ಸದಸ್ಯರು 15 ವರ್ಷಗಳ ನಂತರದ ಪರಿಶೀಲನೆಯವರೆಗೆ ವಿಟೊ ಬಳಸುವುದಿಲ್ಲ ಎಂದಿತು. ಆಫ್ರಿಕಾದ ದೇಶಗಳು ‘ಎಜುಲ್ವಿನಿ ಒಮ್ಮತ’ ಎಂಬ ತಮ್ಮ ಜಂಟಿ ನಿಲುವಿನ ಹೆಸರಿನಲ್ಲಿ ವಿಟೊಸಹಿತ ಎರಡು ಕಾಯಂ ಸ್ಥಾನಗಳಿಗೆ ಪಟ್ಟು ಹಿಡಿದವು. ಇಟಲಿ, ಪಾಕಿಸ್ತಾನ, ದಕ್ಷಿಣ ಕೊರಿಯಾದಂಥ ದೇಶಗಳ ಗುಂಪು ಹೊಸ ಕಾಯಂ ಸ್ಥಾನವೇ ಬೇಡ ಎಂದಿತು. ಕಾರಣ ಊಹಿಸಲು ಭೂಪಟ ನೋಡಿದರೆ ಸಾಕು. ಕಾಯಂ ಸದಸ್ಯರು ವಿಟೊ ಎತ್ತುವ ಪ್ರಸಂಗವೇ ಬರಲಿಲ್ಲ. ಕರಡು ಮತಕ್ಕೇ ಹೋಗಲಿಲ್ಲ.

2009ರಿಂದ ಸರ್ಕಾರಗಳ ನಡುವಿನ ಮಾತುಕತೆ ನಡೆಯುತ್ತಲೇ ಇದೆ. ಆಫ್ರಿಕಾಕ್ಕೆ ಆಗಿರುವ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಅಂಗೀಕರಿಸಿದ ‘ಭವಿಷ್ಯದ ಒಪ್ಪಂದ’ ಹೇಳಿತು. ಎಷ್ಟು ಸ್ಥಾನ, ಯಾವಾಗ ಎಂದು ಹೇಳಲಿಲ್ಲ. ಕಾಯಂ ಸ್ಥಾನಗಳ ಬದಲು, ಮರುಆಯ್ಕೆಗೆ ಅವಕಾಶವಿರುವ ದೀರ್ಘಾವಧಿಯ ಚುನಾಯಿತ ಸ್ಥಾನಗಳನ್ನು ಪ್ರದೇಶವಾರು ಕೊಡುವ ಸೂತ್ರವೂ 2004ರಿಂದ ಚರ್ಚೆಯಲ್ಲಿದೆ. 1963ರ ಹಾದಿಗೆ ಹತ್ತಿರವಿರುವುದು ಅದೇ. ಕಾಯಂ ವರ್ಗವೇ ವಿಸ್ತಾರವಾಗದೆ ಅಸಮಾನತೆ ಅಳಿಯುವುದಿಲ್ಲ ಎಂಬ ಜಿ4 ಆಕ್ಷೇಪದಲ್ಲಿ ಹುರುಳಿದೆ. ಆದರೆ 193 ಸದಸ್ಯರ ಸಭೆಯಲ್ಲಿ ಇಂದು ಮೂರನೇ ಎರಡು ಎಂದರೆ 129 ಮತ. ಮಂಡಳಿಯನ್ನು ಹಿಗ್ಗಿಸಲು ಅಷ್ಟು ಮತ ಕೂಡಿಸಿ, ಈಗ ಬೇಡವೆನ್ನಿ ನೋಡೋಣ ಎಂದು ಐದು ದೇಶಗಳ ಮುಂದಿಡುವ ಕೆಲಸವನ್ನು 1963ರ ನಂತರ ಯಾವ ಗುಂಪೂ ಮಾಡಿಲ್ಲ.